ಮಾಳವ್ವ ಎರಡು ಸಲ ಚೀನಾಕ್ಕೆ ಹೋದದ್ದು

"ಚೀನಾಕ್ಕ ಹೋಗೋದು ಅಂದ್ರ ಸಸಾರ ಅಲ್ಲಪಾ." ಆ ವರ್ಷ ಯಾರು ಏನು ಕೇಳಿದರೂ ಶಿದ್ರಾಮನ ಬಾಯಲ್ಲಿ ಇದೊಂದೇ ಮಾತು. ಹೋಗುವವನು ಅವನಲ್ಲ, ಮಗಳು ಮಾಳವ್ವ. ಆದರೆ ಅಲೆದಾಟ ಮಾತ್ರ ಇಬ್ಬರದೂ. ಅವರ ಊರು ಬುಧಗಾಂವದಿಂದ ಸಾಂಗ್ಲಿಗೆ ಒಂದು ಬಸ್ಸು, ಸಾಂಗ್ಲಿಯಿಂದ ಮಿರಜಕ್ಕೆ ಇನ್ನೊಂದು. ಒಂದು ದಿನ ಪೊಲೀಸ್ ಠಾಣೆಯಲ್ಲಿ ನಿಂತರು, ಹುಡುಗಿಯ ಮೇಲೆ ಯಾವ ಗುನ್ಹೆಯೂ ಇಲ್ಲ ಅಂತ ಬರೆಸಿಕೊಳ್ಳಲು. ಇನ್ನೊಂದು ದಿನ ವಕೀಲರ ಮುಂದೆ ನಿಂತರು, ಮಾರ್ಕ್ಸ್ ಕಾರ್ಡಿನ ನಕಲುಗಳ ಮೇಲೆ ಶಿಕ್ಕೆ ಒತ್ತಿಸಲು. ಮಿರಜದ ದವಾಖಾನೆಯಲ್ಲಂತೂ ರಕ್ತ ಕೊಟ್ಟಾಯಿತು, ಎದೆಯ ಫೋಟೋ ತೆಗೆಸಿದ್ದಾಯಿತು, ಕಣ್ಣು ಕಿವಿ ಎಲ್ಲ ತೋರಿಸಿದ್ದಾಯಿತು. ಕಡೆಗೆ ಡಾಕ್ಟರ ಶಿಕ್ಕೆ ಅರ್ಧ ಫೋಟೋದ ಮೇಲೆ, ಅರ್ಧ ಕಾಗದದ ಮೇಲೆ ಬೀಳಬೇಕಾದದ್ದು ಪೂರಾ ಹುಡುಗಿಯ ಮೂಗಿನ ಮೇಲೇ ಬಿತ್ತು. ತಗೋ, ಮತ್ತೆ ಹೊಸ ಕಾಗದ, ಮತ್ತೆ ಅದೇ ಸಾಲು. ಶಿದ್ರಾಮ ದವಾಖಾನೆಯ ಮೆಟ್ಟಿಲ ಮೇಲೆ ಕುಂತು ಮೊಣಕಾಲು ತಿಕ್ಕಿಕೊಂಡ.

ಶಿದ್ರಾಮ ಸಕ್ಕರೆ ಕಾರಖಾನೆಯ ಅಂಗಳದಲ್ಲಿ ಕಬ್ಬಿನ ಗಾಡಿಗಳಿಗೆ ನಂಬರು ಕೊಟ್ಟು ಸಾಲಿಗೆ ಬಿಡುವವನು. ಅವನಪ್ಪ ಅಥಣಿ ಕಡೆಯಿಂದ ಗಡಿ ದಾಟಿ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಬಂದು, ಹಂಗಾಮು ಮುಗಿದರೂ ಹೊಳ್ಳಿ ಹೋಗದೆ ಇಲ್ಲೇ ಉಳಿದಿದ್ದ. ಮಾಳವ್ವ ಆ ಕಬ್ಬಿನ ಮನೆಯಲ್ಲೇ ಹುಟ್ಟಿ, ಸಾಂಗ್ಲಿಯ ಕಾಲೇಜಿನಲ್ಲಿ ಬಾಟನಿ ಓದಿ, ಎಮ್ಮೆಸ್ಸಿ ಮಾಡಿ, ಈಗ ಕಬ್ಬಿಗೆ ಬರುವ ಕೆಂಪು ಕೊಳೆ ರೋಗದ ಬೆನ್ನು ಹತ್ತಿದ್ದಳು. ಚೀನಾದ ನಾನ್ನಿಂಗ್ ಅನ್ನೋ ಊರಿನ ವಿದ್ಯಾಪೀಠದಲ್ಲಿ ಈ ರೋಗದ ಮೇಲೇ ಪಿಎಚ್‌ಡಿ ಮಾಡಬಹುದಿತ್ತು. ಪರದೇಶದ ಹುಡುಗರಿಗೆ ಅಲ್ಲಿಯ ಸರಕಾರವೇ ಶಿಷ್ಯವೃತ್ತಿ ಕೊಡುತ್ತಿತ್ತು. ಓದು, ಊಟ, ವಸತಿ ಎಲ್ಲ ಅವರದೇ. ಅದು ಸಿಕ್ಕರೆ ಮಾಳವ್ವ ಹೋದಂತೆ, ಸಿಗದಿದ್ದರೆ ಇಲ್ಲ. ಶಿದ್ರಾಮನ ಮನೆಯಿಂದ ಅಲ್ಲಿಗೆ ಬೇರೆ ದಾರಿ ಇರಲಿಲ್ಲ.

"ನಾ ಕಬ್ಬಿನ ಗಾಡಿ ಬಿಡಾಂವ. ನನ್ನ ಮಗಳು ಕಬ್ಬಿನ ಜಡ್ಡು ಬಿಡಿಸಾಕಿ," ಅಂತ ಅವನು ಗಾಡಿಯವರ ಮುಂದೆಲ್ಲ ಹೇಳುತ್ತಿದ್ದ. ಎತ್ತು ಬಿಡುವವನಿಗೂ ಹೇಳುತ್ತಿದ್ದ, ಎತ್ತಿಗೂ ಹೇಳುತ್ತಿದ್ದ.

ಎಲ್ಲ ಕಾಗದ ಕೂಡಿದ ಮೇಲೆ ತೊಡಕಾದದ್ದು ಶಿಫಾರಸು ಪತ್ರಕ್ಕೆ. ಅಂಥವು ಎರಡು ಬೇಕು, ಎರಡೂ ಕಲಿಸಿದ ಪ್ರಾಧ್ಯಾಪಕರವೇ ಆಗಬೇಕು, ಬರೆದವರೇ ಲಕೋಟೆ ಮುಚ್ಚಿ ನೆಟ್ಟಗೆ ಚೀನಾಕ್ಕೆ ಕಳಿಸಬೇಕು. ಒಬ್ಬ ಮೇಡಂ ಕೇಳಿದ ವಾರದಲ್ಲೇ ಕಳಿಸಿದರು. ಇನ್ನೊಬ್ಬರು ಶ್ರೀಪಾಲ ಸರ್. ಮನುಷ್ಯ ಒಳ್ಳೆಯವರು, ಮಾಳವ್ವನ ಮೇಲೆ ಅಕ್ಕರೆಯೂ ಇತ್ತು. ಆದರೆ ಅವರ ಬಾಯಲ್ಲಿ 'ನಾಳೆ' ಅನ್ನೋ ಶಬ್ದ ಬಿಟ್ಟರೆ ಬೇರೆ ಇರಲಿಲ್ಲ. ಪರೀಕ್ಷೆ ಐತಿ ನಾಳೆ ಬಾ, ಮೀಟಿಂಗ್ ಐತಿ ನಾಳೆ ಬಾ. ಹುಡುಗಿ ಅವರ ಖೋಲಿಯ ಹೊರಗೆ ನಿಂತು ನಿಂತು ಸಾಕಾಗಿ ಬರುತ್ತಿದ್ದಳು.

"ಕೊಟ್ರೇನ ಮಾಳಿ?"

"ನೀ ಇನ್ನ ಬರಬ್ಯಾಡ, ನಾನ ಬರದು ಕಳಸ್ತೇನಿ ಅಂದ್ರು. ಮಾರ್ಚ್ ಮುಗಿಯೋತನಕ ವ್ಯಾಳ್ಯಾ ಐತಂತ್ರಿ."

ಶಿದ್ರಾಮನಿಗೆ ಸಿಟ್ಟು ನೆತ್ತಿಗೇರಿತು. ಬರೀ ಸಿಟ್ಟಲ್ಲ, ಹೆದರಿಕೆ. ಅವನು ಇಷ್ಟು ವರ್ಷ ಅಂಗಳದಲ್ಲಿ ನಿಂತು ಕಂಡದ್ದೇನು? ಸಾಲಿನಲ್ಲಿ ಬಂದ ಗಾಡಿ ಸಾಲಿನಲ್ಲೇ ಒಣಗುತ್ತದೆ. ಕಾರಖಾನೆಯ ಸಂಚಾಲಕರ ಚೀಟಿ ತಂದ ಗಾಡಿ ಹಿಂದಿನಿಂದ ಬಂದು ಮುಂದೆ ತೂಕದ ಕಾಟಾದ ಮೇಲೆ ಏರುತ್ತದೆ. ಹಾಗೆ ಏರಿಸುವವನು ಅವನೇ. ಮಾಳವ್ವನಿಗೆ ಹನ್ನೊಂದನೆಯ ಇಯತ್ತೆಗೆ ಪ್ರವೇಶ ಸಿಕ್ಕದ್ದು ಚೀಟಿಯಿಂದ, ಮನೆಗೆ ಗ್ಯಾಸು ಬಂದದ್ದು ಚೀಟಿಯಿಂದ, ಅವನಪ್ಪನಿಗೆ ಸಾಯುವ ಮುಂದೆ ದವಾಖಾನೆಯಲ್ಲಿ ಕಾಟು ಸಿಕ್ಕದ್ದೂ ಚೀಟಿಯಿಂದ. ಚೀನಾ ಏನು ಆಕಾಶದಿಂದ ಬಿದ್ದ ದೇಶವೇ? ಅಲ್ಲೂ ಮನುಷ್ಯರೇ ಇರೋದು. ಅವರೇ ಬಾಯಿಬಿಟ್ಟು ಶಿಫಾರಸು ಬೇಕು ಅಂತ ಕೇಳುತ್ತಿರುವಾಗ, ಇದ್ದದ್ದರಲ್ಲೇ ದೊಡ್ಡದನ್ನು ಒಯ್ದು ಕೊಡೋದು ಬಿಟ್ಟು ಒಬ್ಬ ಮಾಸ್ತರರ ಬಾಗಿಲು ಕಾಯೋದೇನು?

ಅವನು ಕಾರಖಾನೆಯ ಚೇರಮನ್ ಸಾಹೇಬರ ಬಂಗಲೆಗೆ ಹೋದ. ಪಾಳಿ ಮುಗಿಸಿ, ಮುಖ ತೊಳೆದು, ಬಂಗಲೆಯ ಪಡಸಾಲೆಯಲ್ಲಿ ಕೈಕಟ್ಟಿ ನಿಲ್ಲುವುದು. ಹಾಗೆ ಎಷ್ಟು ಮುಂಜಾನೆ ನಿಂತನೋ. ಕಡೆಗೆ ಸಾಹೇಬರ ಬಲಗೈಯಾದ ಅಪ್ಪಾಸಾಬ ಒಳಗೆ ಕರೆದ. ಸಾಹೇಬರು ಚಹಾ ಕುಡಿಯುತ್ತ ಮರಾಠಿಯಲ್ಲಿ ಕೇಳಿದರು: "ಕಾಯ್ ಶಿದ್ರಾಮ?" ಇವನು ಹೇಳಿದ. ಸಾಹೇಬರಿಗೆ ಖರೇನೇ ಖುಷಿಯಾಯಿತು. "ಆಪಲ್ಯಾ ಕಾಮಗಾರಾಚೀ ಮುಲಗೀ ಚೀನಾಲಾ? ವ್ಹಾ!" ಅಂದರು. ನಮ್ಮ ಕಾಮಗಾರನ ಮಗಳು ಚೀನಾಕ್ಕೆ! ಅಪ್ಪಾಸಾಬ ಪತ್ರ ಟೈಪ್ ಮಾಡಿಸಿದ, ಸಾಹೇಬರು ಸಹಿ ಹಾಕಿದರು, ಕೆಳಗೆ ದುಂಡನೆಯ ಶಿಕ್ಕೆ ಬಿತ್ತು. ಶಿದ್ರಾಮ ಅದನ್ನು ಎರಡೂ ಕೈಯಿಂದ ಇಸಿದುಕೊಂಡು ಹಣೆಗೆ ಹಚ್ಚಿಕೊಂಡ.

ಬಾಗಿಲು ದಾಟುವಾಗ ಅಪ್ಪಾಸಾಬ ಹೆಗಲ ಮೇಲೆ ಕೈ ಹಾಕಿ ಅಂದ: "ಛಬ್ಬೀಸ್ ಜಾನೆವಾರಿಗೆ ಝೆಂಡಾ ಏರಿಸಿದ ಮ್ಯಾಲ ಮಗಳದ ಸತ್ಕಾರ ಇಟ್ಟೇವಿ. ನಿನ್ನ ಹೇಣ್ತಿನ್ನೂ ಕರಕೊಂಡ ಬಾ."

ಮಾಳವ್ವ ಪತ್ರ ಓದಿ ತಲೆ ಹಿಡಿದುಕೊಂಡಳು. "ಅಪ್ಪಾ, ಇದು ಕಲಿಸಿದವರದ ಬೇಕ್ರಿ. ಚೇರಮನ್ನರು ನನಗೇನ ಕಲಿಸ್ಯಾರ?"

"ಮಾಸ್ತರಗಿಂತ ದೊಡ್ಡವರದ ಐತಿ ಅಂದ್ರ ಯಾರರ ಒಲ್ಲೆ ಅಂತಾರೇನ? ಇಡು, ಅದನ್ನೂ ಕಳಸು."

"ಮತ್ತ ಈ ಸತ್ಕಾರ ಯಾತರದ್ರಿ? ನಾ ಇನ್ನೂ ಅರ್ಜಿ ಹಾಕಾಕತ್ತೇನಿ ಅಷ್ಟ. ಅವರು ಹೂಂ ಅಂದಿಲ್ಲ, ಊಹೂಂ ಅಂದಿಲ್ಲ."

"ಸಾಹೇಬ್ರ ಸಹಿ ಬಿದ್ದೈತಿ. ಅಂದ್ರ ಆಧಂಗ."

ಅವಳು ಅಪ್ಪನ ಮುಖ ನೋಡಿದಳು. ಅವಳಿಗೂ ಆ ಹೊತ್ತಿಗೆ ವಾದ ಮಾಡುವಷ್ಟು ಕಸುವು ಉಳಿದಿರಲಿಲ್ಲ. ಚೇರಮನ್ನರ ಪತ್ರವನ್ನು ಉಳಿದ ಕಾಗದಗಳ ಅಡಿಗೆ ಸೇರಿಸಿ ಲಕೋಟೆಗೆ ಅಂಟು ಹಚ್ಚಿದಳು.

ಜನವರಿ ಇಪ್ಪತ್ತೈದರ ಸಂಜೆಗೇ ಬುಧಗಾಂವದ ಚೌಕದಲ್ಲಿ ಫ್ಲೆಕ್ಸ್ ಎದ್ದಿತು. ಅದರಲ್ಲಿ ಸಾಹೇಬರ ಮುಖ ಗಾಡಿಯ ಗಾಲಿಯಷ್ಟು, ಅಪ್ಪಾಸಾಬನದು ಬುಟ್ಟಿಯಷ್ಟು, ಮೂಲೆಯಲ್ಲಿ ಮಾಳವ್ವನದು ರೊಟ್ಟಿಯಷ್ಟು. ಉನ್ನತ ಶಿಕ್ಷಣಕ್ಕಾಗಿ ಚೀನಾ ದೇಶಕ್ಕೆ ಆಯ್ಕೆಯಾದದ್ದಕ್ಕೆ ಹಾರ್ದಿಕ ಅಭಿನಂದನೆ ಅಂತ ಮರಾಠಿಯಲ್ಲಿ ಬರೆದಿತ್ತು. ಆಯ್ಕೆ ಮಾಡಿದವರು ಯಾರು ಅನ್ನೋದನ್ನ ಫ್ಲೆಕ್ಸ್ ಹೇಳಲಿಲ್ಲ, ಓದಿದವರು ಕೇಳಲೂ ಇಲ್ಲ.

ಮರುದಿನ ಕಾರಖಾನೆಯ ಮೈದಾನದಲ್ಲಿ ಏನು ಗದ್ದಲ, ಏನು ಸಂಭ್ರಮ! ಶಿದ್ರಾಮನನ್ನು ಮುಂದಿನ ಸಾಲಿನ ಖುರ್ಚಿಯಲ್ಲಿ ಕೂಡಿಸಿದರು. ಅದಕ್ಕೆ ಬಿಳಿ ಬಟ್ಟೆಯ ಹೊದಿಕೆ ಬೇರೆ. ಇಷ್ಟು ವರ್ಷ ಅದೇ ಮೈದಾನದಲ್ಲಿ ಅವನು ನಿಂತೇ ಭಾಷಣ ಕೇಳಿದವನು. ಕೂತರೆ ಹೊದಿಕೆ ಹೊಲಸಾಗುತ್ತದೇನೋ ಅಂತ ಅರ್ಧ ತುದಿಗೇ ಕುಂತ. ಮಾಳವ್ವನಿಗೆ ಶಾಲು ಹೊಚ್ಚಿದರು, ತೆಂಗಿನಕಾಯಿ ಕೊಟ್ಟರು, ಮೈಕು ಕೈಗಿತ್ತರು. ಅವಳು ನಮಸ್ಕಾರ ಮಾಡಿ, "ಅಜೂನ್ ಝಾಲೇಲಂ ನಾಹೀ," ಅಂದಳು. ಇನ್ನೂ ಆಗಿಲ್ಲ ಅಂತ. ಖರೇ ಮಾತು ಹೇಳಿದ ಹುಡುಗಿ! ಮಂದಿ ಅದನ್ನು ವಿನಯ ಅಂತ ತಿಳಿದು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಶಿದ್ರಾಮನ ಹೆಂಡತಿ ರುಕ್ಮವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಶಿದ್ರಾಮನಿಗೆ ಆವತ್ತು ನೆಲಕ್ಕೆ ಕಾಲೇ ಹತ್ತಲಿಲ್ಲ.

ಮುಂದಿನ ದಿನ ಸಾಂಗ್ಲಿಯ ಪೇಪರಿನಲ್ಲಿ ಫೋಟೋ ಬಂತು. ಫೆಬ್ರವರಿ ಹೋಯಿತು, ಮಾರ್ಚ್ ಅರ್ಧ ಸರಿಯಿತು. ಮಾಳವ್ವ ಒಂದು ಮುಂಜಾನೆ ಚೀಲ ಹೆಗಲಿಗೇರಿಸಿ, "ಶ್ರೀಪಾಲ ಸರ್‌ಗೆ ಒಂದ ಸಲ ನೆನಪ ಮಾಡಿ ಬರ್ತೇನ್ರಿ," ಅಂದಳು.

"ಪೇಪರಿನ್ಯಾಗ ಫೋಟೋ ಬಂದಾಕಿ ಇನ್ನೂ ಅವರ ಬಾಗಲಾ ಕಾಯ್ತಿಯೇನ? ಕಳಸ್ತೇನಿ ಅಂದಾರಲ್ಲ. ದೊಡ್ಡ ಮಂದಿ, ಕಳಿಸಿರ್ತಾರ. ಕೇಳಿದ್ರ ಸಿಟ್ಟಾದಾರು," ಅಂದ ಶಿದ್ರಾಮ.

ಅವಳು ಬಾಗಿಲಲ್ಲಿ ನಿಂತು ಒಂದು ಗಳಿಗೆ ಯೋಚನೆ ಮಾಡಿದಳು. ಆ ಖೋಲಿಯ ಹೊರಗೆ ಮತ್ತೆ ನಿಲ್ಲೋದು ನೆನೆಸಿಕೊಂಡೇ ದಣಿವಾಗಿರಬೇಕು. ಚೀಲ ಗೂಟಕ್ಕೆ ಸಿಗಿಸಿದಳು.

ಏಪ್ರಿಲಿನಲ್ಲಿ ಚೀನಾದಿಂದ ಉತ್ತರ ಬಂತು. ಸಾಂಗ್ಲಿಯ ಇಂಟರ್‌ನೆಟ್ ಅಂಗಡಿಯಲ್ಲಿ ಓದಿ ಬಂದ ಮಾಳವ್ವ ಅಪ್ಪನಿಗೆ ಹೇಳಿದ್ದು ಇಷ್ಟೇ: "ಈ ಸಲ ಆಗಲಿಲ್ರಿ." ಯಾಕೆ ಅಂದರೆ, "ಭಾಳ ಮಂದಿ ಅರ್ಜಿ ಹಾಕಿದ್ರಂತ," ಅಂದು ಒಳಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದಳು. ರುಕ್ಮವ್ವ ಊಟಕ್ಕೆ ಕರೆದರೆ ಏಳಲಿಲ್ಲ.

ಸಾಹೇಬರ ಸಹಿ ಇದ್ದ ಕೆಲಸ ಕೆಟ್ಟದ್ದನ್ನು ಶಿದ್ರಾಮ ಕಂಡಿರಲಿಲ್ಲ. ಮಗಳಿಗೆ ಹೇಳದೆ ಕಾಲೇಜಿಗೆ ಹೋದ. ಶ್ರೀಪಾಲ ಸರ್ ಎದ್ದು ನಿಂತು, "ಬರ್ರಿ ಬರ್ರಿ, ಕುಂದ್ರಿ," ಅಂದರು. "ಏನ್ರಿ, ಮಾಳವ್ವ ಹೊಂಟಾಳಂತಲ್ಲ? ಎಂದ ಹೋಗೂದು?"

"ಆಗಲಿಲ್ರಿ ಸರ್. ಯಾಕ ಅಂತ ಕೇಳಾಕ ಬಂದೇನಿ. ನಿಮ್ಮ ಪತ್ರ ಮುಟ್ಟಿತ್ತಲ್ರಿ?"

ಸರ್ ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. "ನಾ ಎಲ್ಲಿ ಕಳಸಿದೆ? ಬರೀಬೇಕು ಅಂತ ಕುಂತಿದ್ದೆ. ಅಷ್ಟರಾಗ ಪೇಪರಿನ್ಯಾಗ ಬಂತು, ಆಯ್ಕೆ ಆಗ್ಯಾಳ ಅಂತ. ಶಾಲು, ನಾರಳ, ಚೇರಮನ್ನರು. ಇನ್ನ ನಂದೇನ ಬೇಕು, ಎಲ್ಲಾ ಮುಗಿದೈತಿ ಅಂತ ತಿಳಕೊಂಡೆ. ಆಕಿ ಮತ್ತ ಬರಲೂ ಇಲ್ಲ." ಅವರ ಮುಖವೂ ಸಣ್ಣದಾಯಿತು. "ಅಯ್ಯೋ ದೇವರ! ಒಂದ ಮಾತು ಕೇಳಬೇಕಿತ್ತು ನಾ."

ಶಿದ್ರಾಮ ಅಲ್ಲಿಂದ ಹೇಗೆ ಎದ್ದ, ಯಾವ ಬಸ್ಸು ಹತ್ತಿದ ಅವನಿಗೇ ಗೊತ್ತಿಲ್ಲ. ಮನೆಗೆ ಬಂದವನೇ ಮಗಳ ಮುಂದೆ ಕುಸಿದು ಕುಂತ.

"ಎಲ್ಲಾ ಗೊತ್ತಿತ್ತೇನ ನಿನಗ?"

"ಗೊತ್ತಿತ್ರಿ. ಒಂದು ಪತ್ರ ಬಂದಿಲ್ಲ, ಕಾರಖಾನೆ ಅಧ್ಯಕ್ಷರದು ಬಂದೈತಿ, ಆದ್ರ ಅವರು ಗುರುಗಳಲ್ಲ ಅಂತ ಬರದಿದ್ರು. ಮುಂದಿನ ವರ್ಷ ಹಾಕು ಅಂದಾರ."

"ನನಗ ಯಾಕ ಹೇಳಲಿಲ್ಲ?"

"ಹೇಳಿ ಏನ ಮಾಡೂದಿತ್ರಿ?"

"ನಿನ್ನ ಕೊರಳಿಗೆ ಶಾಲು ಹಾಕಸಾಕ ಹೋಗಿ ನಾನ ನಿನ್ನ ಕೊರಳ ಹಿಚಕಿದ್ನಲ್ಲ ತಾಯಿ!" ಅಂತ ಶಿದ್ರಾಮ ತಲೆ ತಲೆ ಬಡಕೊಂಡ. ಮಾಳವ್ವ ಅವನ ಕೈ ಹಿಡಿದಳು. "ಬಿಡ್ರಿ ಅಪ್ಪಾ. ನಾನೂ ಹೋಗಿ ಕೇಳಬೇಕಿತ್ತು. ಸಾಕಾಗಿತ್ತು ನನಗ. ಅದಕ್ಕ ಹೋಗಲಿಲ್ಲ," ಅಂದಳು. ಅವಳ ಕಣ್ಣಲ್ಲಿ ನೀರು ಕೂಡ ಇರಲಿಲ್ಲ. ಅದನ್ನು ನೋಡಿ ರುಕ್ಮವ್ವನಿಗೆ ಹೆಚ್ಚು ಅಳು ಬಂತು.

ಇಲ್ಲಿಗೆ ಮುಗಿದಿದ್ದರೆ ಒಂದು ನಮೂನೆ. ಆದರೆ ಚೇರಮನ್ನರನ್ನು ಆರಿಸುವ ಕಾರಖಾನೆಯ ಚುನಾವಣೆ ಹತ್ತಿರ ಬಂದಿತ್ತು! ಸುದ್ದಿ ಹೇಗೋ ಮುಟ್ಟಿ, ಅಪ್ಪಾಸಾಬ ಮೋಟರ್‌ಸೈಕಲ್ ಮೇಲೆ ಮನೆಗೇ ಬಂದ. ಚಹಾ ಬೇಡ ಅಂದ. ಅಪ್ಪಾಸಾಬ ಚಹಾ ಬೇಡ ಅಂದರೆ ಮಾತು ಭಾರಿಯದೇ ಇರಬೇಕು.

"ಶಿದ್ರಾಮಾ, ಸಾಹೇಬ್ರು ಸತ್ಕಾರ ಮಾಡಿದ ಹುಡುಗಿ ಮನ್ಯಾಗ ಕುಂತಾಳ ಅಂತ ಆ ಕಡೆ ಪಾರ್ಟಿಗೆ ಗೊತ್ತಾದ್ರ ಏನಾಗ್ತೈತಿ ಗೊತ್ತೈತೇನ? ಸುಳ್ಳ ಸತ್ಕಾರ ಅಂತ ಚೌಕ ಚೌಕಿಗೆ ಹಚ್ತಾರ. ಸಾಹೇಬ್ರ ಮರ್ಯಾದಿ, ನಿಂದೂ."

"ಏನ ಮಾಡ್ಲಿ ಅಂತೀರಿ?"

"ಮಿರಜದಾಗ ನಿಮ್ಮ ಮಂದಿ ಅದಾರಲ್ಲ. ಮತದಾನ ಆಗೋತನಕ ಅಲ್ಲಿ ಇರಲಿ. ಕೇಳಿದವರಿಗೆ ಹೋದ್ಳು ಅನ್ನು. ಮುಂದಿಂದ ಆಮ್ಯಾಲ ನೋಡೂಣು."

ರುಕ್ಮವ್ವ ಒಲೆಯ ಮುಂದಿನಿಂದಲೇ ಗುಡುಗಿದಳು: "ನನ್ನ ಮಗಳೇನ ಕಳವು ಮಾಡ್ಯಾಳೇನ್ರಿ, ಅಡಗಿಸಿ ಇಡಾಕ?" ಅಪ್ಪಾಸಾಬ ನೆಲ ನೋಡಿದ. ಶಿದ್ರಾಮ ಮಗಳನ್ನು ನೋಡಿದ. ಮಾಳವ್ವ, "ಹೋಗ್ತೇನ್ರಿ," ಅಂದಳು. "ಇಲ್ಲಿ ದಿನಾ ನೂರು ಮಂದಿ ಎಂದ ಹೊಂಟಿ ಅಂತ ಕೇಳ್ತಾರ. ಅವರಿಗೆ ಉತ್ತರ ಹೇಳಿ ಹೇಳಿ ನನಗ ಸಾಕಾಗೈತಿ. ಮಿರಜನ ಚಲೋ."

ಹೀಗೆ ಮಾಳವ್ವ ಮೊದಲನೆಯ ಸಲ ಚೀನಾಕ್ಕೆ ಹೋದದ್ದು. ಜೂನಿನಲ್ಲಿ, ಎಸ್ಟಿ ಬಸ್ಸಿನಲ್ಲಿ, ಒಂದು ಚೀಲ ತಗೊಂಡು. ಮಿರಜದಲ್ಲಿ ರುಕ್ಮವ್ವನ ಅಕ್ಕ ಹೌಸಾಬಾಯಿ ಇದ್ದಳು, ದವಾಖಾನೆಯಲ್ಲಿ ಆಯಾ ಕೆಲಸ ಮಾಡುವಾಕೆ. ಆ ಮಾವಶಿಯ ಒಂದೂವರೆ ಖೋಲಿಯ ಮನೆಯಲ್ಲಿ ಮಾಳವ್ವ ಚಾಪೆ ಹಾಸಿದಳು. ಪಕ್ಕದ ಓಣಿಯ ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ ಹಿಡಿದಳು. ಹೊರಗೆ ಹೋಗುವಾಗ ಮುಖದ ತುಂಬ ಸ್ಕಾರ್ಫ್ ಕಟ್ಟಿಕೊಳ್ಳುತ್ತಿದ್ದಳು. ಸಾಂಗ್ಲಿ ಮಿರಜದ ಹುಡುಗಿಯರೆಲ್ಲ ಬಿಸಿಲಿಗೆ, ಧೂಳಿಗೆ ಹಾಗೆಯೇ ಕಟ್ಟುತ್ತಾರೆ, ಬರೀ ಕಣ್ಣು ಕಾಣುವ ಹಾಗೆ. ಯಾರಿಗೂ ಸಂಶಯ ಬರುವ ಮಾತೇ ಇರಲಿಲ್ಲ.

ಬುಧಗಾಂವದಲ್ಲಿ ಶಿದ್ರಾಮನ ಪಾಡು ಕೇಳಬೇಡಿ. ಒಂದು ಸುಳ್ಳು ಹೇಳಿ ಬಾಯಿ ಮುಚ್ಚಿಕೊಂಡರೆ ಆಯಿತು ಅಂತ ಅವನು ತಿಳಿದಿದ್ದ. ಮಂದಿ ಬಿಡಬೇಕಲ್ಲ! ಅಲ್ಲಿ ಏನು ಉಣ್ಣುತ್ತಾಳೆ, ಥಂಡಿ ಹೇಗಿದೆ, ಚಹಾ ಸಿಗುತ್ತದೋ ಇಲ್ಲವೋ. ರವಿವಾರ ಮಿರಜಕ್ಕೆ ಹೋಗಿ ಮಗಳನ್ನೇ ಕೇಳಿಕೊಂಡು ಬರುತ್ತಿದ್ದ. "ಚಾ ಹಾಲ ಇಲ್ಲದ ಕುಡೀತಾರಂತ್ರಿ," ಅಂತ ಅವಳು ಓದಿದ್ದನ್ನು ಹೇಳುವಳು. ಸೋಮವಾರ ಅವನು ಚೌಕದಲ್ಲಿ, "ಹಾಲ ಹಾಕಂಗಿಲ್ಲೋ ಅವರು, ನಮ್ಮ ಮಾಳಿಗೆ ಮೊದಲ ಮೊದಲ ಸೇರಲಿಲ್ಲ," ಅನ್ನುವನು. ಎಲ್ಲಕ್ಕಿಂತ ಹೆಚ್ಚು ಕೇಳುತ್ತಿದ್ದವನು ನೆರೆಮನೆಯ ಸತ್ಯಪ್ಪ. ಮಾಳವ್ವನನ್ನು ಹೆಗಲ ಮೇಲೆ ಕೂಡಿಸಿಕೊಂಡು ಆಡಿಸಿದವನು, ಅವನಿಗೆ ಕೇಳುವ ಹಕ್ಕೂ ಇತ್ತು.

"ದೀಪಾವಳಿಗೆ ಬರ್ತಾಳೇನೋ ಶಿದ್ದಣ್ಣಾ?"

"ಇಲ್ಲೋ. ಓದು ಮುಗಿಯೋತನಕ ಬಿಡಂಗಿಲ್ಲಂತ ಅವರು. ಕಾಯದಾನ ಹಂಗೈತಿ."

ಆ ಮಾತಿನಿಂದ ಸತ್ಯಪ್ಪನ ಬಾಯಿ ಮುಚ್ಚಿತು. ಅದರ ಜೊತೆ ಮಗಳಿಗೆ ತನ್ನ ಮನೆಯ ಬಾಗಿಲೂ ಮುಚ್ಚಿತು ಅನ್ನೋದು ಶಿದ್ರಾಮನಿಗೆ ಆಗ ತಿಳಿಯಲಿಲ್ಲ. ದೀಪಾವಳಿಯ ದಿನ ಮಾಳವ್ವ ಮಿರಜದಲ್ಲೇ ಉಳಿದಳು. ರುಕ್ಮವ್ವ ಕರ್ಚಿಕಾಯಿಯ ಡಬ್ಬಿ ಹೊತ್ತುಕೊಂಡು ಅಕ್ಕನ ಮನೆಗೆ ಹೋಗಿ ಬಂದಳು. ಬಂದ ಮೇಲೆ ಗಂಡನಿಗೆ ಅಂದದ್ದು ಒಂದೇ ಮಾತು: "ನನ್ನ ಮಗಳು ಕಣ್ಣೆದುರ ಇದ್ದೂ ಇಲ್ಲಧಂಗ ಮಾಡಿದ್ರಿ ನೀವು."

ಅಷ್ಟರಲ್ಲಿ ಚುನಾವಣೆ ಆಗಿತ್ತು. ಸಾಹೇಬರು ಆರಿಸಿ ಬಂದರು, ಗುಲಾಲು ಹಾರಿತು. ಶಿದ್ರಾಮ ಒಂದು ದಿನ ಅಪ್ಪಾಸಾಬನನ್ನು ತಡೆದು, "ಇನ್ನ ಮಗಳನ್ನ ಕರಕೊಂಡ ಬರ್ಲೇನ್ರಿ?" ಅಂತ ಕೇಳಿದ. ಅಪ್ಪಾಸಾಬ ಹುಬ್ಬು ಗಂಟು ಹಾಕಿದ. "ಎಲ್ಲಿಂದ?" ಅಂದ. ಅವನಿಗೆ ನೆನಪೇ ಇರಲಿಲ್ಲ. ಅಥವಾ ಅವನೂ ತಾನು ಕಟ್ಟಿದ ಸುಳ್ಳನ್ನೇ ನಂಬಿದ್ದನೋ ಏನೋ, ಆ ಶಿವನೇ ಬಲ್ಲ. ಶಿದ್ರಾಮ ಹೊಳ್ಳಿ ಗಾಡಿಗಳ ಕಡೆ ನಡೆದ.

ಮಾಳವ್ವ ಮಾತ್ರ ಸುಮ್ಮನೆ ಕೂತಿರಲಿಲ್ಲ. ಲ್ಯಾಬಿನಿಂದ ಬಂದು, ಮಾವಶಿಯ ಅಡಿಗೆ ಮುಗಿದ ಮೇಲೆ, ಅದೇ ಕಾಗದಗಳನ್ನು ಮತ್ತೆ ಮುಂದಿಟ್ಟುಕೊಂಡಳು. ಹಳೆಯ ಪೊಲೀಸ್ ದಾಖಲೆಯ ಅವಧಿ ಮುಗಿದಿತ್ತು, ತಪಾಸಣೆಯದೂ ಮುಗಿದಿತ್ತು. ಎಲ್ಲ ಮೊದಲಿನಿಂದ. ಈ ಸಲ ಅವಳು ಒಬ್ಬಳೇ ಹೋದಳು. ಶಿದ್ರಾಮ ನಾನೂ ಬರಲೇ ಅಂದದ್ದಕ್ಕೆ ಅವಳು ಮೆಲ್ಲಗೆ, "ಈ ಸಲ ನೀವೇನೂ ಮಾಡಬ್ಯಾಡ್ರಿ ಅಪ್ಪಾ," ಅಂದಳು. ಬಿರುಸಾಗಿ ಅಂದಿದ್ದರೆ ತಡೆದುಕೊಳ್ಳುತ್ತಿದ್ದ. ಮೆಲ್ಲಗೆ ಅಂದದ್ದು ಎದೆಗೆ ಚುಚ್ಚಿತು. ಅವನು ಏನೂ ಮಾಡಲಿಲ್ಲ. ಬಂಗಲೆಯ ಕಡೆ ಹಾಯಲೂ ಇಲ್ಲ.

ಶ್ರೀಪಾಲ ಸರ್ ಆಕೆಯನ್ನು ಎದುರು ಕೂಡಿಸಿಕೊಂಡು, ಬಾಗಿಲು ಹಾಕಿಕೊಂಡು, ಬಂದ ಮಂದಿಗೆ ನಾಳೆ ಬರ್ರಿ ಅಂದು ಪತ್ರ ಬರೆದರು. ಆಮೇಲೆ ಇಬ್ಬರೂ ಕೂಡಿ ಅಂಚೆ ಕಚೇರಿಗೆ ಹೋಗಿ ಕಳಿಸಿದರು. ರಸೀದಿಯನ್ನು ಅವಳ ಕೈಗೆ ಕೊಡುವಾಗ ಸರ್, "ನನ್ನ ಮ್ಯಾಲಿನ ಸಿಟ್ಟು ಹೋತೇನವಾ?" ಅಂತ ಕೇಳಿದರಂತೆ. "ಸಿಟ್ಟು ಮಾಡಾಕೂ ಕಸುವು ಬೇಕಲ್ರಿ ಸರ್," ಅಂತ ಇವಳು ನಕ್ಕಳಂತೆ.

ಜುಲೈ ತಿಂಗಳ ಒಂದು ರವಿವಾರ ಶಿದ್ರಾಮ ಮಿರಜಕ್ಕೆ ಹೋದಾಗ ಹೌಸಾಬಾಯಿ ಬಾಗಿಲಲ್ಲೇ ಬೆಲ್ಲದ ಚೂರು ಬಾಯಿಗೆ ಹಾಕಿದಳು. ಒಳಗೆ ಮಾಳವ್ವ ನಿಂತಿದ್ದಳು. ಆಕೆಯ ಮುಖ ನೋಡಿದರೆ ಸಾಕಿತ್ತು, ಏನೂ ಹೇಳಬೇಕಾಗಿರಲಿಲ್ಲ.

"ಆತೇನ?"

"ಆತ್ರಿ ಅಪ್ಪಾ. ಸೆಪ್ಟೆಂಬರಕ್ಕ ಬಾ ಅಂದಾರ."

ಶಿದ್ರಾಮ ಮಗಳ ತಲೆ ಹಿಡಿದು ಎದೆಗೊತ್ತಿಕೊಂಡ. ಅವನಿಗೆ ಆ ಕ್ಷಣ ಬೀದಿಗೆ ಓಡಿ ಕೂಗಬೇಕು ಅನ್ನಿಸಿತು. ಗಾಡಿಯವರನ್ನೆಲ್ಲ ನಿಲ್ಲಿಸಿ ಹೇಳಬೇಕು, ಊರಿಗೆಲ್ಲ ಪೇಢೆ ಹಂಚಬೇಕು. ಮನೆಗೆ ಬರುವ ಬಸ್ಸಿನಲ್ಲಿ ನೆನಪಾಯಿತು: ಯಾರಿಗೆ ಹೇಳುವುದು, ಏನಂತ ಹೇಳುವುದು? ಊರಿನ ಲೆಕ್ಕಕ್ಕೆ ಮಗಳು ಹೋಗಿ ವರ್ಷವಾಯಿತು. ರುಕ್ಮವ್ವ, "ರಜಾಕ್ಕ ಬಂದಾಳ ಅನ್ನೂಣು, ನಾಕ ದಿನ ಮನ್ಯಾಗ ಇದ್ದು ಹೋಗಲಿ, ಓಣಿ ಮಂದಿ ಉಡಿ ತುಂಬಿ ಕಳಸಲಿ," ಅಂತ ಕೈ ಜೋಡಿಸಿದಳು. ರಜೆಗೆ ಬಿಡುವುದಿಲ್ಲ ಅಂತ ಊರಿಗೆಲ್ಲ ಕಾಯದಾ ಹೇಳಿದವನು ಅವನೇ. ಈಗ ಒಂದು ಬಿಚ್ಚಿದರೆ ಎಲ್ಲ ಬಿಚ್ಚುತ್ತದೆ. ಹೊರಡುವ ಮುಂದೆ ಮಗಳ ಹೆಸರಿಗೆ ಸುಳ್ಳಿನ ಮಸಿ ಹತ್ತುವುದು ಬೇಡ ಅಂದ. ಮಗಳು ಹೊರಡುವ ಹಿಂದಿನ ದಿನ ರುಕ್ಮವ್ವ ಮಿರಜಕ್ಕೆ ಹೋಗಿ ಅಕ್ಕನ ಮನೆಯಲ್ಲಿ ಮಗಳಿಗೆ ಉಡಿ ತುಂಬಿದಳು. ಟೇಶನ್ನಿಗೆ ಬರುವುದಿಲ್ಲ ಅಂದಳು. "ನಾ ಬಂದ್ರ ಸುಮ್ಮ ಅಳಾಕಿ ಅಲ್ಲ, ಬೋರಾಡಿ ಅಳಾಕಿ. ಎಲ್ಲಾ ಬೈಲಾಗ್ತೈತಿ."

ಹೀಗಾಗಿ ಮಿರಜ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನ ಮೇಲೆ ಆ ಮುಂಜಾನೆ ಇಬ್ಬರೇ. ಮುಂಬೈ ಗಾಡಿ ಬಂದು ನಿಂತಿತ್ತು. ಮುಂಬೈಯಿಂದ ವಿಮಾನ. ಮಾಳವ್ವ ಸ್ಕಾರ್ಫ್ ಕಟ್ಟಿಕೊಂಡೇ ಇದ್ದಳು. ಶಿದ್ರಾಮ ಪೆಟ್ಟಿಗೆ ಒಳಗಿಟ್ಟು ಬಂದ. ಹೇಳಬೇಕಾದ ಮಾತು ಎಷ್ಟೋ ಇದ್ದವು: ಹೊತ್ತಿಗೆ ಸರಿ ಉಣ್ಣು, ಥಂಡ್ಯಾಗ ಕಿವಿ ಕಟಗೋ, ನನ್ನ ತಪ್ಪು ಹೊಟ್ಟ್ಯಾಗ ಹಾಕೋ. ಬಾಯಿ ತೆರೆದ.

"ಏ ಶಿದ್ದಣ್ಣಾ! ಇಲ್ಲೇನೋ ನೀ?"

ಸತ್ಯಪ್ಪ. ಸೊಲ್ಲಾಪುರದಿಂದ ಬರುವ ಅಳಿಯನನ್ನು ಇಳಿಸಿಕೊಳ್ಳಲು ಬಂದಿದ್ದನಂತೆ. ಶಿದ್ರಾಮ ಮಗಳಿಗೆ ಅಡ್ಡ ನಿಂತ.

"ಇಲ್ಲ... ಹೌಸಾಬಾಯಿ ಕಡೆ ಬೀಗರ ಹುಡುಗಿ. ಪುಣೆಕ್ಕ ಹೊಂಟಾಳ. ಡಬ್ಬಿ ತೋರಸಾಕ ಬಂದೇನಿ."

ಅಂದವನಿಗೆ ತನ್ನ ನಾಲಿಗೆ ತನಗೇ ಹೇಸಿಗೆಯಾಯಿತು. ಮಾಳವ್ವ ಅಪ್ಪನನ್ನು ಒಂದು ಸಲ ನೋಡಿದಳು. ಮಾತಾಡುವಂತಿರಲಿಲ್ಲ, ಅವಳ ದನಿ ಸತ್ಯಪ್ಪನಿಗೆ ತೊಟ್ಟಿಲಿನಿಂದ ಗೊತ್ತು. ಅವಳು ಬಾಗಿ ಅಪ್ಪನ ಕಾಲು ಮುಟ್ಟಿದಳು. ಎದ್ದು, ಹಿರಿಯರು ಎದುರಿಗಿದ್ದಾರಲ್ಲ, ಸತ್ಯಪ್ಪನ ಕಾಲೂ ಮುಟ್ಟಿದಳು. ಸತ್ಯಪ್ಪ ಹಿಗ್ಗಿ ಹೋಗಿ ಅವಳ ತಲೆಯ ಮೇಲೆ ಕೈಯಿಟ್ಟ. "ಭಾಳ ಶಾಣ್ಯಾಕಿ ಅದಿ. ಸುಖದಿಂದ ಹೋಗಿ ಬಾರವಾ," ಅಂದ. ಸ್ಕಾರ್ಫಿನ ಮೇಲೆ ಕಾಣುತ್ತಿದ್ದ ಎರಡು ಕಣ್ಣೂ ತುಂಬಿ ಬಂದವು. ಅವಳು ಗಡಬಡಿಸಿ ಡಬ್ಬಿ ಹತ್ತಿದಳು.

"ಟಿಕೀಟ ಜ್ವಾಕಿ," ಅಂದ ಶಿದ್ರಾಮ. ಅಷ್ಟೇ ಅನ್ನಲಿಕ್ಕೆ ಬಂತು. ಗಾಡಿ ಅಲುಗಿತು. ಕಿಟಕಿಯಲ್ಲಿ ಅವಳ ಕೈ ಕಂಡಿತು. ಮಾಳೀ ಅಂತ ಒಂದು ಸಲ ಕೂಗಬೇಕು ಅಂತ ಅವನ ಜೀವ ಬಾಯಿಗೆ ಬಂದಿತ್ತು. ಕೈ ಅರ್ಧ ಎತ್ತಿ ಹಾಗೇ ಹಿಡಿದುಕೊಂಡ. ಡಬ್ಬಿಗಳು ಒಂದೊಂದಾಗಿ ದಾಟಿ ಹೋಗಿ ಹಳಿ ಖಾಲಿಯಾಯಿತು.

ಆಗ ಅವನಿಗೆ ತಡೆಯಲಾಗಲಿಲ್ಲ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಸಿದು ಕುಂತು, ಟಾವೆಲ್ಲು ಬಾಯಿಗೊತ್ತಿಕೊಂಡು, ಮಗುವಿನ ಹಾಗೆ ಅತ್ತ. ಸತ್ಯಪ್ಪ ಗಾಬರಿಯಾಗಿ ಪಕ್ಕಕ್ಕೆ ಕುಂತು ಬೆನ್ನು ಸವರಿದ.

"ಯಾಕೋ, ಬೀಗರ ಹುಡುಗಿನ್ನ ನೋಡಿ ಮಾಳಿ ನೆನಪಾದ್ಳೇನ?"

ಶಿದ್ರಾಮ ಹೌದೆಂಬಂತೆ ತಲೆ ಆಡಿಸಿದ.

"ಹುಚ್ಚನ ಅದಿ ನೋಡು. ಹುಡುಗಿ ಹೋಗಿ ವರ್ಷದ ಮ್ಯಾಲಾತು. ಇನ್ನೂ ಹಿಂಗ ಅತ್ತರ ಹ್ಯಾಂಗ? ಇಷ್ಟೊತ್ತಿಗೆ ರೂಢಿ ಆಗಬೇಕಿತ್ತೋ ನಿನಗ."

"ಆಗಿಲ್ಲೋ ಸತ್ಯಪ್ಪಾ," ಅಂದ ಶಿದ್ರಾಮ. "ಈಗ ಹೋದಂಗ ಐತಿ."